ಎಡಕ್ಕ ತಿರುವು

ಇಂಥ ಸಂಗತಿ ಹೇಳುವವರ ಎದುರಿಗೇ ನಾನು ನಕ್ಕವನು. ಗಾಡಿ ರಿಪೇರಿ ಮಾಡುವವನ ಪಾಲಿಗೆ ಕಾರಣವಿಲ್ಲದ ಸದ್ದು ಎಂಬುದೇ ಇಲ್ಲ. ಕಟಕಟ ಎಂದರೆ ಏನೋ ಸವೆದಿದೆ, ಪಟಪಟ ಎಂದರೆ ಎಲ್ಲೋ ಗಾಳಿ ಹೆಚ್ಚಾಗಿದೆ. ಬಿಚ್ಚಿ ನೋಡಿದರೆ ಸಿಗುತ್ತದೆ. ಹಾಗೆ ಸಿಗದ ಸದ್ದನ್ನು ನಾನು ಕೇಳಿದ್ದು ಒಂದೇ ಸಲ. ನೀವು ನಂಬಲೇಬೇಕೆಂದು ಬರೆಯುತ್ತಿಲ್ಲ, ನಾನೇ ಪೂರ್ತಿ ನಂಬಿಲ್ಲ.

ನಾನು ಕೆಲಸ ಕಲಿತದ್ದು ರಾಣೆಬೆನ್ನೂರಿನಲ್ಲಿ, ಫಕ್ಕೀರಪ್ಪ ಮೇಸ್ತ್ರಿಗಳ ಗ್ಯಾರೇಜಿನಲ್ಲಿ. ಒಂಬತ್ತು ವರ್ಷ ಅವರ ಕೈಕೆಳಗಿದ್ದೆ. ಗಾಳಿ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರ್ ಟ್ಯೂನ್ ಮಾಡುವಾಗ ಮೇಸ್ತ್ರಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಇಂಜಿನ್ನಿನ ಸದ್ದು ಕೇಳಿಯೇ ಸ್ಕ್ರೂ ತಿರುವುತ್ತಿದ್ದರು. ಅವರ ಹೆಂಡತಿ ಗಂಗವ್ವ ಮಧ್ಯಾಹ್ನದ ಬುತ್ತಿಯಲ್ಲಿ ನನಗೂ ಎರಡು ರೊಟ್ಟಿ ಹೆಚ್ಚು ಕಟ್ಟಿ ಕಳಿಸುತ್ತಿದ್ದರು. ಒಮ್ಮೆ ನಾನು ಟ್ಯೂನ್ ಮಾಡಿದ ಗಾಡಿ ದಾರಿಯಲ್ಲಿ ನಿಂತು ಮರಳಿ ಬಂತು. ಮೇಸ್ತ್ರಿ ಗಿರಾಕಿಗಳ ಮುಂದೆಯೇ ಅಂದರು, "ಇವಗ ಕೈ ಐತಿ, ಕಿವಿ ಇಲ್ಲ."

ಆ ಮಾತನ್ನು ನನ್ನಿಂದ ನುಂಗಲಾಗಲಿಲ್ಲ. ಅದೇ ತಿಂಗಳು ಬಿಟ್ಟು ಬಂದು ಹಾವೇರಿಯಲ್ಲಿ ಸ್ವಂತ ಗ್ಯಾರೇಜ್ ಹಾಕಿದೆ. ಬಂದವರಿಗೆಲ್ಲ, "ಮೇಸ್ತ್ರಿಗೆ ಈಗ ಕಿವಿ ಸರಿ ಕೇಳಂಗಿಲ್ರಿ" ಎಂದು ಹೇಳಿದೆ. ಸುಳ್ಳು. ಆದರೆ ಮೋಟೆಬೆನ್ನೂರು, ಬ್ಯಾಡಗಿ ಕಡೆಯ ಅವರ ಗಿರಾಕಿಗಳು ಒಬ್ಬೊಬ್ಬರಾಗಿ ನನ್ನ ಕಡೆ ಬಂದರು.

ಎರಡು ಸಾವಿರದ ಐದೋ ಆರೋ ಇರಬೇಕು, ಮೇಸ್ತ್ರಿಗೆ ಲಕ್ವಾ ಹೊಡೆದು ಮಾತು ನಿಂತಿದೆ ಎಂದು ಯಾರೋ ಹೇಳಿದರು. ಬಸ್ಸು ಹತ್ತಿದರೆ ಒಂದು ಸಣ್ಣ ನಿದ್ದೆಯ ದೂರ. ನಾಲ್ಕು ತಿಂಗಳು ನಾನು ಹೋಗಲಿಲ್ಲ.

ಆಗ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ತಮ್ಮ ಹಳೇ ಬುಲೆಟ್ ತಂದರು. ಕಂಪನಿಯ ಸೈಲೆನ್ಸರ್ ತೆಗೆಸಿ ಜೋರು ಸದ್ದಿನ ಬೇರೆ ಪೈಪು ಹಾಕಿಸಿದ್ದರು. ಹೊಗೆ ಸಲೀಸಾಗಿ ಹೊರಗೆ ಹೋಗತೊಡಗಿದರೆ ಇಂಜಿನ್ನು ಗಾಳಿಯನ್ನು ಹೆಚ್ಚು ಎಳೆಯುತ್ತದೆ, ಅದಕ್ಕೆ ತಕ್ಕ ಪೆಟ್ರೋಲು ಸಿಗುವುದಿಲ್ಲ. ಎಕ್ಸಿಲೇಟರ್ ಬಿಟ್ಟಾಗಲೆಲ್ಲ ಪೈಪಿನೊಳಗೆ ಪಟಾಕಿ ಹಾರಿದಂತಾಗುತ್ತಿತ್ತು. ಪೆಟ್ರೋಲು ಹೆಚ್ಚು ಬಿಡುವ ದೊಡ್ಡ ಜೆಟ್ ಹಾಕಿದೆ, ಗಾಳಿ ಕಡಿಮೆಯಾಗಲೆಂದು ಗಾಳಿಯ ಸ್ಕ್ರೂ ಬಲಕ್ಕೆ ಬಿಗಿದೆ. ಪಟಾಕಿ ನಿಂತಿತು, ಕರಿ ಹೊಗೆ ಶುರುವಾಯಿತು. ಎಕ್ಸಿಲೇಟರ್ ಬಿಟ್ಟರೆ ಗಾಡಿ ಉಸಿರುಗಟ್ಟಿ ಬಂದ್ ಆಗುತ್ತಿತ್ತು. ಎರಡು ದಿನ ಇದೇ ಆಯಿತು.

ಎರಡನೆಯ ದಿನ, ಮಂಗಳವಾರ ಮಧ್ಯಾಹ್ನ, ವ್ಯಾಪಾರಿ ಖಾನಾವಳಿಗೆ ಊಟಕ್ಕೆ ಹೋಗಿದ್ದರು. ನಾನೊಬ್ಬನೇ ಗಾಡಿ ಚಾಲೂ ಇಟ್ಟು, ಒಂದು ಕೈಯಲ್ಲಿ ಎಕ್ಸಿಲೇಟರ್ ಹಿಡಿದು, ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದೆ. ಬೆನ್ನ ಹಿಂದಿನಿಂದ ದನಿ ಬಂತು.

"ಎಡಕ್ಕ ತಿರುವು."

ನನ್ನ ಕೈ ಎಡಕ್ಕೆ ತಿರುವಿತು.

"ಇನ್ನೊಂಚೂರು. ಸಾಕು, ಬಿಡು."

ಬಿಟ್ಟೆ. ಇಂಜಿನ್ನು ಹದಕ್ಕೆ ಬಂದು ಒಂದೇ ಸಮನೆ ಬಡಿಯತೊಡಗಿತು. ಹೊರಳಿ ನೋಡಿದರೆ ರಸ್ತೆಯ ಬಿಸಿಲು ಬಿಟ್ಟು ಏನೂ ಇರಲಿಲ್ಲ. ಆ ಪೈಪಿನ ಅಬ್ಬರದಲ್ಲಿ ಪಕ್ಕದವರು ಕೂಗಿದರೂ ಕೇಳುತ್ತಿರಲಿಲ್ಲ. ಈ ದನಿ ಕೂಗಿರಲಿಲ್ಲ. ಮೇಸ್ತ್ರಿ ಯಾವಾಗಲೂ ಮಾತಾಡುತ್ತಿದ್ದಂತೆ ಮೆಲ್ಲಗೆ, ತುಸು ಬೇಸರದಿಂದ ಮಾತಾಡಿತ್ತು; ಅವರದೇ ದನಿ. ನಿಜ ಹೇಳುತ್ತೇನೆ, ನನಗೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ಇಲ್ಲಿಗೂ ಬಂದು ನನಗೆ ಕಿವಿ ಇಲ್ಲ ಎಂದು ತೋರಿಸಬೇಕಿತ್ತೇ?

ಊಟ ಮುಗಿಸಿ ಬಂದ ವ್ಯಾಪಾರಿ ಗಾಡಿ ಓಡಿಸಿ ನೋಡಿ, "ಭಾಳ ಛಲೋ ಮಾಡೀಯಪಾ" ಎಂದರು. ಹೂಂ ಎಂದೆ.

ಶುಕ್ರವಾರ ರಾಣೆಬೆನ್ನೂರಿಗೆ ಹೋದೆ. ಮೇಸ್ತ್ರಿ ತೀರಿಕೊಂಡಿರಬೇಕು, ಅದಕ್ಕೇ ಹೀಗಾಗಿದೆ ಎಂದುಕೊಂಡೇ ಹೋದೆ. ಅವರು ಬದುಕಿದ್ದರು. ಮಂಚದ ಮೇಲೆ ಎಡ ಮಗ್ಗುಲಾಗಿ ಮಲಗಿದ್ದರು. ಕಣ್ಣು ನನ್ನ ಕಡೆಗೇ ಇತ್ತು, ಆದರೆ ಗುರುತು ಹಿಡಿದರೋ ಇಲ್ಲವೋ ತಿಳಿಯಲಿಲ್ಲ. ಗಂಗವ್ವ ಬಹಳ ಸೊರಗಿದ್ದರು. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಚಹಾ ಕೊಟ್ಟು ಎದುರಿಗೆ ಕೂತರು. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು, "ಮೊನ್ನೆ ಮಂಗಳವಾರ ಮಾತಾಡಿದರು ತಮ್ಮಾ. ನಾಲ್ಕು ತಿಂಗಳಾಗಿತ್ತು, ಒಂದು ಹೂಂ ಅಂದಿದ್ದಿಲ್ಲ. ಮಧ್ಯಾಹ್ನ ಗಂಜಿ ಕುಡಿಸಾಕತ್ತಿದ್ದೆ. ಎಡಕ್ಕ ತಿರುವು ಅಂದರು. ಅವರ ಮೈ ಎಡಕ್ಕ ತಿರುವಿದೆ. ಇನ್ನೊಂಚೂರು, ಸಾಕು, ಬಿಡು ಅಂದರು. ಅವತ್ತಿಂದ ಎಡ ಮಗ್ಗಲಕ್ಕ ಮಲಗಸಾಕತ್ತೇನಿ. ಅವರಿಗೆ ಹಿಂಗ ಹಿತ ಅನಸ್ತೈತಿ ಕಾಣತೈತಿ."

ಹೇಳುವಾಗ ಆಕೆಯ ಮುಖದಲ್ಲಿ ಹೊಸ ಮದುಮಗಳ ನಾಚಿಕೆಯಂಥದ್ದು ಇತ್ತು. ನಾನು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ.

"ಅವ್ವಾ, ಅದು ನನಗ ಹೇಳಿದ್ದು" ಎಂದೆ. ಗಾಡಿ, ಪೈಪು, ಸ್ಕ್ರೂ, ದನಿ, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ಒಳಗೇ ಹೆಮ್ಮೆಯಾಗುತ್ತಿತ್ತು. ಬಿಟ್ಟುಹೋದವನನ್ನೂ ಮೇಸ್ತ್ರಿ ಬಿಟ್ಟಿರಲಿಲ್ಲ ಎಂಬ ಹೆಮ್ಮೆ.

ಗಂಗವ್ವ ನಂಬುವುದಿಲ್ಲ ಎಂದುಕೊಂಡಿದ್ದೆ. ಕೂಡಲೇ ನಂಬಿದರು.

"ಹಂಗಾರ ನನಗ ಅಂದಿದ್ದಲ್ಲ" ಎಂದರು. "ಹೇಲು ಉಚ್ಚಿ ಬಳಿಯಾಕಿ ನಾನು. ಇದ್ದದ್ದೊಂದು ಮಾತು ನಿನ್ನ ಗಾಡಿಗೆ ಹೋತು" ಎಂದರು. ದನಿ ಏರಲಿಲ್ಲ. ಎದ್ದು, ಮೇಸ್ತ್ರಿಗಳ ಹೆಗಲ ಕೆಳಗೆ ಕೈ ಹಾಕಿ, ಅವರನ್ನು ಬಲ ಮಗ್ಗುಲಿಗೆ, ಗೋಡೆಯ ಕಡೆಗೆ ಹೊರಳಿಸಿ ಮಲಗಿಸಿದರು. ನನಗೆ ಅವರ ಬೆನ್ನಷ್ಟೇ ಕಂಡಿತು. ಚಹಾದ ಲೋಟ ತೆಗೆದುಕೊಂಡು ಗಂಗವ್ವ ಒಳಗೆ ಹೋದವರು ಹೊರಗೆ ಬರಲಿಲ್ಲ. ತುಸು ಹೊತ್ತು ಕಾದು ನಾನು ಎದ್ದು ಬಂದೆ.

ಮೇಸ್ತ್ರಿ ಮಳೆಗಾಲದಲ್ಲಿ ತೀರಿಕೊಂಡರಂತೆ. ಮತ್ತೆ ಮಾತಾಡಲಿಲ್ಲವಂತೆ. ಮಣ್ಣಿಗೆ ಬಾ ಎಂದು ನನಗೆ ಹೇಳಿ ಕಳಿಸಲಿಲ್ಲ.

ಆ ದನಿ ನನ್ನ ತಲೆಯೊಳಗಿನದೇ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಒಂಬತ್ತು ವರ್ಷ ಕೇಳಿದ ಮಾತು, ನೆನಪಿನಿಂದ ಎದ್ದಿರಬಹುದು. ಆದರೆ ಅದೇ ಹೊತ್ತಿಗೆ, ಅದೇ ಮಾತನ್ನು ಗಂಗವ್ವ ಹೇಗೆ ಕೇಳಿದರು? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇಲ್ಲದಿದ್ದರೂ ನಡೆಯುತ್ತದೆ. ಅವತ್ತು ಆ ಹೆಂಗಸಿನೆದುರು ನಾನೇಕೆ ಬಾಯಿ ಬಿಟ್ಟೆ ಎಂಬುದಕ್ಕೂ ಉತ್ತರವಿಲ್ಲವಲ್ಲ, ಅದು ನಡೆಯುವುದಿಲ್ಲ.