ಬಿಚ್ಚದೆ ನೋಡಿದ ತಾಯಿತ

ಜಪಾನಿನ ಕಾಶಿವಾ ಊರಿನ ಪ್ರಯೋಗಾಲಯವೊಂದರಲ್ಲಿ ನಾನು ಸ್ಕ್ಯಾನರ್ ನಡೆಸುತ್ತೇನೆ. ಅವತ್ತು ಬಂದದ್ದು ಪ್ರಾಚೀನ ರೋಮಿನ ಚಿನ್ನದ ಬುಲ್ಲಾ. ದೃಷ್ಟಿ ತಾಗದಿರಲಿ ಎಂದು ಮಕ್ಕಳ ಕೊರಳಿಗೆ ಕಟ್ಟುತ್ತಿದ್ದ ಟೊಳ್ಳು ಗುಂಡು ಅದು. ತೆರೆಯದೆಯೇ ಒಳಗೇನಿದೆ ಎಂದು ನೋಡಬೇಕಿತ್ತು. ಮೈಸೂರಿನ ಹುಡುಗಿ ಕಾವ್ಯಳ ಪಿಎಚ್‌ಡಿ ಆ ಚಿತ್ರದ ಮೇಲೆ ನಿಂತಿತ್ತು. ಬುಲ್ಲಾ ನಮ್ಮ ಕೈಯಲ್ಲಿರುವುದು ಒಂದೇ ದಿನ.

ಮೊದಲು ಅಂಥದೇ ಬೇರೆ ವಸ್ತುವನ್ನಿಟ್ಟು ಯಂತ್ರವನ್ನು ಹದಕ್ಕೆ ತರಬೇಕು. ಕಾವ್ಯ ನನ್ನ ತೋಳು ನೋಡಿದಳು.

“ಸರ್, ನಿಮ್ಮ ತಾಯಿತ ಕೊಡಿ.”

“ಅಮ್ಮ ಕಟ್ಟಿದ್ದು. ಒಳಗೇನಿದೆ ಅಂತ ನೋಡಬಾರದು ಅಂದಿದ್ದಳು.”

“ರೋಮ್ ಹುಡುಗರು ದೊಡ್ಡೋರಾದ್ಮೇಲೆ ಬಿಚ್ಚಿಡ್ತಿದ್ರು ಸರ್. ನೀವಿನ್ನೂ ದೊಡ್ಡೋರಾಗಿಲ್ವಾ?”

ಬಿಚ್ಚಿಕೊಟ್ಟೆ. ವಿಷಯ ಕೇಳಿದ ನಮ್ಮ ಮುಖ್ಯಸ್ಥ ತನಾಕಾ ಸಾನ್, “ಸುಮಿಮಾಸೆನ್” ಎಂದು ಕ್ಷಮೆ ಕೇಳಿ ತಲೆಬಾಗಿ, ಪರದೆಗೆ ಬೆನ್ನು ಹಾಕಿ ನಿಂತರು. ಅವರ ದೇವಸ್ಥಾನಗಳಲ್ಲಿ ಕೊಡುವ ರಕ್ಷೆಯನ್ನೂ ಬಿಚ್ಚಿ ನೋಡಬಾರದಂತೆ. ನಾನೂ ಕುರ್ಚಿ ತಿರುಗಿಸಿಕೊಂಡೆ. ಇಬ್ಬರು ಮುದುಕರು ಗೋಡೆ ನೋಡಿದೆವು.

“ಚಿತ್ರ ಸ್ಪಷ್ಟವಾಗಿದೆಯಾ? ಅಷ್ಟು ಹೇಳು, ಸಾಕು,” ಎಂದೆ.

ಅವಳು ಮೌಸ್ ಒತ್ತುವ ಸದ್ದು ಮತ್ತೆ ಮತ್ತೆ ಕೇಳಿಸಿತು. ಆಮೇಲೆ, “ಇದೆ ಸರ್,” ಎಂದಳು. ದನಿ ಇಳಿದಿತ್ತು.

ಬುಲ್ಲಾದ ಚಿತ್ರವೂ ಚೆನ್ನಾಗಿ ಬಂತು. ಅವಳ ಕೆಲಸ ಆಯಿತು. ಹೊರಡುವ ಮುಂಚೆ ತಾನೇ ಬಂದು ನನ್ನ ತೋಳಿಗೆ ತಾಯಿತ ಕಟ್ಟಿದಳು. ಒಳಗೇನಿತ್ತು ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಇನ್ನು ಬಿಚ್ಚದ ಹಾಗೆ ಮೂರು ಗಂಟು ಹಾಕಿದಳು.

ಅಮ್ಮ ಹಾಕಿದ್ದು ಒಂದೇ.