ಚಾಪೆ ಎತ್ತದೆ ನೋಡಿದ ಕಾರು

ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ, ಬೆಳಿಗ್ಗೆ ಏಳರ ಸುಮಾರಿಗೆ ನಾವಿದ್ದ ಡೊಂಬಿವಲಿಯಿಂದ ಕಲ್ಯಾಣದ ಲೋಕಲ್ ರೈಲು ಹಿಡಿದೆ. ಎಂಬತ್ತರ ದಶಕದ ನಡುವಿನ ಮಾತು. ಹಳೆಯ ಕಾರೊಂದನ್ನು ಕೊಳ್ಳಬೇಕಿತ್ತು. ಪಾರ್ಶ್ವವಾಯುವಿನಿಂದ ಅವ್ವನ ಎಡಗಾಲು ಸ್ವಾಧೀನ ತಪ್ಪಿತ್ತು. ಚಿಕಿತ್ಸೆಗೆ ವಾರಕ್ಕೆರಡು ಸಲ ಥಾಣೆಗೆ ಹೋಗಬೇಕು. ಹಿಂದಿನ ತಿಂಗಳು ರೈಲು ಹತ್ತುವ ನೂಕಾಟದಲ್ಲಿ ಅವಳು ಪ್ಲಾಟ್‌ಫಾರ್ಮಿನ ಮೇಲೆ ಬಿದ್ದಿದ್ದಳು. ಅಂದಿನಿಂದ ಚಿಕಿತ್ಸೆ ನಿಂತಿತ್ತು.

“ಆದಷ್ಟು ನಮ್ಮ ಕನ್ನಡ ಮಂದಿ ಹತ್ರನ ತಗೋ. ಮೋಸ ಆಗೂದಿಲ್ಲ” ಎಂದು ಅವ್ವ ಹೇಳಿ ಕಳಿಸಿದಳು. ಆಫೀಸಿನ ಡ್ರೈವರ್ ಹೇಳಿಕೊಟ್ಟದ್ದು ಬೇರೆ: ಇಂಜಿನ್ ತಣ್ಣಗಿದ್ದಾಗ ನೋಡಿ, ಒಳಗೆ ನೆಲದ ಚಾಪೆ ಎತ್ತಿ ನೋಡಿ; ಮೊದಲೇ ಬಿಸಿ ಮಾಡಿಟ್ಟ ಇಂಜಿನ್ ತನ್ನ ದೋಷ ಮುಚ್ಚಿಡುತ್ತದೆ, ಚಾಪೆ ತುಕ್ಕು ಮುಚ್ಚಿಡುತ್ತದೆ.

ಕಲ್ಯಾಣದಲ್ಲಿ ಕಾರು ಮಾರುತ್ತಿದ್ದವರು ನಿವೃತ್ತ ಮರಾಠಿ ಮಾಸ್ತರರು. “ನಿನ್ನೆಯಿಂದ ಮುಟ್ಟಿಲ್ಲ, ಬೇಟಿ. ನೀನೇ ಶುರು ಮಾಡು” ಎಂದು ಹಿಂದಿಯಲ್ಲಿ ಹೇಳಿ ಕೀಲಿ ಕೊಟ್ಟರು. ಮೂರನೆಯ ಸಲಕ್ಕೆ ಇಂಜಿನ್ ಹತ್ತಿತು, ಹಿಂದೆ ನೀಲಿ ಹೊಗೆ. “ಎಣ್ಣೆ ಕುಡಿಯುತ್ತದೆ” ಎಂದು ಅವರೇ ಡಬ್ಬಿ ತೋರಿಸಿದರು. ಚಾಪೆ ಎತ್ತಿದೆ. ನೆಲ ಗಟ್ಟಿಯಾಗಿತ್ತು. ಆದರೂ ಯೋಚಿಸಿ ಹೇಳುತ್ತೇನೆಂದು ಹೊರಟೆ. ಅವರು ನೀರು ಬೇಕೇ ಎಂದೂ ಕೇಳಲಿಲ್ಲ.

ಇನ್ನೊಂದು ಕಾರು ವಾಶಿಯಲ್ಲಿತ್ತು. ಆಗ ಅಲ್ಲಿಗೆ ರೈಲಿರಲಿಲ್ಲ. ಥಾಣೆಗೆ ಬಂದು ಎಸ್ಟಿ ಬಸ್ಸು ಹತ್ತಿದೆ. ಬೇಲಾಪುರ ರಸ್ತೆಯ ಉದ್ದಕ್ಕೂ ಕಾರ್ಖಾನೆಗಳ ಘಾಟು. ಕಿಟಕಿ ಮುಚ್ಚಿದರೆ ಸೆಕೆ. ಒಂದು ಗಂಟೆಯ ದಾರಿಯಲ್ಲಿ ಕಂಡಕ್ಟರನಿಗೆ ಊರಿನ ಹೆಸರು ಹೇಳಿದ್ದಷ್ಟೇ ನನ್ನ ಮಾತು.

ವಾಶಿಯ ಕಾರು ಉಡುಪಿ ಕಡೆಯ ಹೋಟೆಲ್ ಮಾಲೀಕರದು. ಬಿಳಿ ಫಿಯಾಟ್, ಹೊಸ ಬಣ್ಣ. ನನ್ನ ಮಾತು ಕೇಳಿ “ಧಾರವಾಡದವ್ರಾ? ಮೊದ್ಲು ತಿಂಡಿ ತಿನ್ನಿ ಮಾರಾಯ್ರೆ, ಕಾರು ಎಲ್ಲಿಗೂ ಓಡಿ ಹೋಗುದಿಲ್ಲ” ಎಂದರು. ಇಡ್ಲಿ, ಕಾಫಿ ಬಂದವು. ಹಣ ಮುಟ್ಟಲಿಲ್ಲ. ಅವ್ವನನ್ನು ಬಿಟ್ಟು ಯಾರೊಡನೆಯಾದರೂ ಅಷ್ಟು ಹೊತ್ತು ಕನ್ನಡ ಮಾತಾಡಿ ಎಷ್ಟು ತಿಂಗಳಾಗಿತ್ತೋ. ಎರಡು ದಿನದಿಂದ ಮುಟ್ಟಿಲ್ಲವೆಂದ ಕಾರಿನ ಬಾನೆಟ್ ಬೆಚ್ಚಗಿತ್ತು. ಬಿಸಿಲಿಗಿರಬೇಕು ಅಂದುಕೊಂಡೆ. ಅನ್ನ ಹಾಕಿದವರ ಎದುರಿಗೆ ಚಾಪೆ ಎತ್ತಲು ಸಂಕೋಚವಾಯಿತು.

ಮುಂಗಡದ ಲಕೋಟೆ ತೆಗೆಯುವ ಮುನ್ನ, ಅವ್ವನಿಗೆ ಹತ್ತಲು ಆದೀತೇ ಎಂದು ಹಿಂದಿನ ಸೀಟಿನಲ್ಲಿ ಕೂತು ನೋಡಿದೆ. ಅವಳಂತೆಯೇ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟೆ. ಪಾದದಡಿಯ ನೆಲ ಕುಸಿಯಿತು. ಈಗ ಚಾಪೆ ಎತ್ತಿದೆ. ತುಕ್ಕು ತಿಂದ ತಗಡಿನ ತೂತಿನಲ್ಲಿ ಕೆಳಗಿನ ಜಲ್ಲಿ ಕಾಣುತ್ತಿತ್ತು.

“ಅದು ಹಿಂದಿನ ಸೀಟಲ್ವಾ” ಎಂದರು ಮಾಲೀಕರು. “ನೀವು ಮುಂದೆ ಕೂತು ಓಡಿಸುದು.”

“ಹಿಂದ ಕೂಡೂದು ನಮ್ಮವ್ವ ರೀ.”

ಅವರು ಚಾಪೆಯನ್ನು ಮೊದಲಿನಂತೆ ಹಾಸಿದರು. “ಕಾಫಿ ಕೊಟ್ಟದ್ದು ಮನಸ್ಸಿಂದಲೇ, ಆಯ್ತಾ?” ಎಂದರು. ಅದು ನಿಜವೆಂದೇ ನನಗೂ ಅನ್ನಿಸಿತು. ಕೈಮುಗಿದು ಹೊರಟೆ.

ಥಾಣೆಯ ಕೌಂಟರಿನಲ್ಲಿ ಡೊಂಬಿವಲಿ ಅನ್ನಲು ಬಾಯಿ ತೆರೆದವಳು ಕಲ್ಯಾಣ ಎಂದೆ. ಸಂಜೆ ನಾಲ್ಕಕ್ಕೆ ಗಾಡಿ ಡೊಂಬಿವಲಿಯಲ್ಲಿ ನಿಂತಿತು. ಹೆಂಗಸರ ಡಬ್ಬಿ ಅರ್ಧ ಖಾಲಿಯಾಯಿತು. ನಾನು ಇಳಿಯಲಿಲ್ಲ; ಮುಂಗಡದ ಲಕೋಟೆ ಈಗ ಮಾಸ್ತರರಿಗೆಂದು ಚೀಲದಲ್ಲಿತ್ತು. ಗಾಡಿ ಹೊರಟಾಗ ನಮ್ಮ ಮೂರನೆಯ ಮಹಡಿಯ ಕಿಟಕಿ ಒಂದು ಕ್ಷಣ ಕಂಡಿತು. ಅವ್ವ ಅಲ್ಲಿ ಕೂತು, ಈ ಗಾಡಿಗೆ ಬಂದಿರಬಹುದೆಂದು ನನ್ನ ಹೆಜ್ಜೆಯ ಸಪ್ಪಳಕ್ಕೆ ಕಾಯುತ್ತಿದ್ದಳು.