ಆರು ಸೊನ್ನೆಗಳ ಊರು

2022ರಲ್ಲಿ ನಾನು ಪುಣೆಯ ಒಂದು ಕಂಪನಿಯಲ್ಲಿ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಆಕ್ಸಿಜನ್ ಯಂತ್ರ, ಆಸ್ಪತ್ರೆಯ ಮಂಚ, ಗಾಲಿ ಕುರ್ಚಿ ಇಂಥವನ್ನೆಲ್ಲ ಮನೆಗಳಿಗೆ ಬಾಡಿಗೆಗೆ ಕೊಡುವ ಕಂಪನಿ ಅದು. ಧಾರವಾಡದ ನೆಂಟರು ನನ್ನ ಕೆಲಸ ಏನೆಂದು ಕೇಳಿದಾಗಲೆಲ್ಲ “ಕಪಾಟು ಕಾಯೋದು” ಎಂದುಬಿಡುತ್ತಿದ್ದೆ. ಸುಳ್ಳೇನಲ್ಲ. ಗಿರಾಕಿಗಳ ಹೆಸರು, ವಿಳಾಸ, ಯಾವ ಯಂತ್ರ ಯಾರ ಮನೆಯಲ್ಲಿದೆ ಎಂಬುದನ್ನೆಲ್ಲ ಇಡುವ ದೊಡ್ಡ ಕಪಾಟೇ ಡೇಟಾಬೇಸ್. ಕೇಳಿದ್ದು ಕೇಳಿದ ಕೂಡಲೇ ಸಿಗಬೇಕು, ಸಿಗದಿದ್ದರೆ ಬೈಗುಳ ನನಗೆ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ: ದೆವ್ವ ಭೂತ ಅಂದರೆ ನಾನು ನಂಬುವವಳಲ್ಲ. ಆದರೂ ಆ ಮಾರ್ಚ್ ತಿಂಗಳಲ್ಲಿ ಎರಡು ದಿನ, ಹಾಡಹಗಲಿನಲ್ಲಿ, ನನ್ನ ಮೇಜಿನ ಮುಂದೆ ಕೂತೇ ನನ್ನ ಕೈಕಾಲು ತಣ್ಣಗಾಗಿದ್ದವು.

ಶುರುವಾಗಿದ್ದು ಒಂದು ಸಾದಾ ದೂರಿನಿಂದ. ನಮ್ಮ ವೆಬ್‌ಸೈಟಿನಲ್ಲಿ ಮೊದಲಿಗೆ ಕಾಣುವುದು ಪಿನ್‌ಕೋಡಿನ ಡಬ್ಬಿ. ಅದರಲ್ಲಿ ಅಂಕಿ ಹಾಕಿ ಹುಡುಕಿದರೆ ನಿಮ್ಮ ಪ್ರದೇಶಕ್ಕೆ ಸೇವೆ ಇದೆಯೋ ಇಲ್ಲವೋ ತಿಳಿಯುತ್ತದೆ, ಆಮೇಲೆ ಮುಂದಿನ ಪುಟ ತೆರೆಯುತ್ತದೆ. ಪುಣೆಯ ಹಳೆಯ ಪೇಠಗಳ, ಅಂದರೆ ಪೇಟೆಗಳ, ಜನರಿಗೆ ಮಾತ್ರ ಆ ಪುಟ ತೆರೆಯುತ್ತಲೇ ಇರಲಿಲ್ಲ. “ಕ್ಷಮಿಸಿ, ಅಂಥ ಸ್ಥಳ ಇಲ್ಲ” ಎಂದು ಕೆಂಪಕ್ಷರದಲ್ಲಿ ಬರುತ್ತಿತ್ತು. ನಮ್ಮ ಆಫೀಸು ಡೆಕ್ಕನ್ ಬಡಾವಣೆಯಲ್ಲಿ. ನದಿ ದಾಟಿದರೆ ಸದಾಶಿವ ಪೇಠ. ಅದು ಇಲ್ಲ ಅಂದರೆ ಹೇಗೆ?

ಕಾರಣ ಹುಡುಕುವುದು ನನಗೆ ಕಷ್ಟವಾಗಲಿಲ್ಲ, ಏಕೆಂದರೆ ಆ ರೋಗ ನಮ್ಮ ಮನೆಯಲ್ಲೇ ಇತ್ತು. ಸದಾಶಿವ ಪೇಠದ ಪಿನ್‌ಕೋಡ್ 411030. ಆದರೆ ಅಲ್ಲಿ ಹುಟ್ಟಿ ಬೆಳೆದವರು ಯಾರೂ ಆರು ಅಂಕಿ ಬರೆಯುವುದಿಲ್ಲ. “ಪುಣೆ 30” ಅನ್ನುತ್ತಾರೆ, ಮುಗಿಯಿತು. ಕೊಂಢವಾ ಆದರೆ “ಪುಣೆ 48”. ಲಗ್ನಪತ್ರಿಕೆಯಿಂದ ಬ್ಯಾಂಕಿನ ಅರ್ಜಿಯವರೆಗೂ ಹಾಗೇ. ನಮ್ಮ ಅತ್ತೆಯವರಿಗೆ ಪೂರ್ತಿ ಬರೆಯಿರಿ ಎಂದರೆ, “ಪೋಸ್ಟಮನ್‌ಗ ಗೊತ್ತದ, ನಿಂಗ್ಯಾಕ ಚಿಂತಿ?” ಎನ್ನುತ್ತಿದ್ದರು. ಪೋಸ್ಟ್‌ಮನ್‌ಗೆ ಗೊತ್ತಿತ್ತು ನಿಜ. ಕಂಪ್ಯೂಟರಿಗೆ ಗೊತ್ತಿರಲಿಲ್ಲ.

ಹಿಂದೊಮ್ಮೆ ಹೊರಗಿನ ಗುತ್ತಿಗೆದಾರರು ನಮ್ಮ ದಾಖಲೆಗಳನ್ನು ‘ಸ್ವಚ್ಛ’ ಮಾಡಿಕೊಟ್ಟಿದ್ದರು. ಆರು ಅಂಕಿ ಇಲ್ಲದ ಪಿನ್‌ಕೋಡನ್ನೆಲ್ಲ ಅಳಿಸಿ ಆ ಜಾಗದಲ್ಲಿ 000000 ಎಂದು ತುಂಬುವ ಸ್ಕ್ರಿಪ್ಟ್, ಅಂದರೆ ತಾನೇ ತಾನಾಗಿ ಕೆಲಸ ಮಾಡುವ ಆಜ್ಞೆಗಳ ಸರಮಾಲೆ, ಒಂದನ್ನು ಬಿಟ್ಟು ಹೋಗಿದ್ದರು. ಹೀಗೆ ನಮ್ಮ ಡೇಟಾಬೇಸಿನೊಳಗೆ ಎಲ್ಲೂ ಇಲ್ಲದ ಒಂದು ಊರು ಹುಟ್ಟಿಕೊಂಡಿತ್ತು. ಅದನ್ನು ನಕಾಶೆಯಲ್ಲಿ ತೆರೆದು ನೋಡಿದೆ. ವಿಳಾಸ ಸಿಗದಿದ್ದರೆ ನಕಾಶೆ ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆ ಎಂದುಕೊಳ್ಳುತ್ತದೆ, ಆ ಜಾಗ ಇರುವುದು ಆಫ್ರಿಕಾದ ಪಕ್ಕದ ಸಮುದ್ರದಲ್ಲಿ. ಪುಣೆಯ ಹಳೆಯ ಮನೆಗಳ ರೋಗಿಗಳೆಲ್ಲ ಆ ನೀಲಿ ನೀರಿನ ನಡುವೆ ಒಂದೇ ಕೆಂಪು ಚುಕ್ಕೆಯಾಗಿ ಕೂತಿದ್ದರು. ನೋಡಿ ನಗು ಬಂತು. ಸ್ವಲ್ಪ ಹೊತ್ತಾದ ಮೇಲೆ ಯಾಕೋ ನಗಬಾರದಿತ್ತು ಅನ್ನಿಸಿತು.

ಗಿರಾಕಿಗಳ ಕರೆ ನೋಡಿಕೊಳ್ಳುತ್ತಿದ್ದವಳು ಶಿಲ್ಪಾ, ಬೆಂಗಳೂರಿನ ಹುಡುಗಿ, ಚುರುಕಿನವಳು. ವಿಫಲವಾದ ಹುಡುಕಾಟಗಳೆಲ್ಲ ದಾಖಲಾಗುವ ಲಾಗ್ ಎಂಬ ಪಟ್ಟಿಯನ್ನು ನೋಡಿ ಹೇಳು ಎಂದು ಅವಳಿಗೆ ಹೇಳಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಮುಖ ಬಿಳಿಚಿಕೊಂಡು ಬಂದಳು.

“ಮೇಡಂ, ಮಧುಕರ ಕುಲಕರ್ಣಿ ಅಂತ ಒಬ್ರು ದಿನಾ ಹುಡುಕ್ತಿದಾರೆ. ಇದೇ ಟೈಮಿಗೆ. ಮೊದ್ಲು 30 ಅಂತ ಹಾಕ್ತಾರೆ, ಆಮೇಲೆ ಪೂರ್ತಿ 411030 ಅಂತ ಹಾಕ್ತಾರೆ. ಎರಡೂ ಸಿಗಲ್ಲ.”

“ಪೂರ್ತಿ ಹಾಕಿದರೂ ಅವರ ದಾಖಲೆ ಸೊನ್ನೆ ಊರಾಗ ಅದಲ್ಲಾ, ಹೆಂಗ ಸಿಗಬೇಕು? ಅದರಾಗ ಹೆದರೋದೇನದ?”

“ಅವ್ರು ತೀರ್ಕೊಂಡಿದಾರೆ ಮೇಡಂ.”

ದಾಖಲೆ ತೆರೆದು ತೋರಿಸಿದಳು. ಹೆಸರಿನ ಎದುರು ‘ಮೃತ’ ಎಂದಿತ್ತು. ಕಂಪನಿಯ ಕಡೆಯಿಂದ ಸಂತಾಪದ ಎಸ್‌ಎಂಎಸ್ ಕೂಡ ಹೋಗಿತ್ತು. ಹುಡುಕಾಟಗಳು ಶುರುವಾಗಿದ್ದೇ ಆ ಎಸ್‌ಎಂಎಸ್ ಹೋದ ಮರುದಿನದಿಂದ.

“ಏ ಹುಚ್ಚಿ, ಸತ್ತವ್ರಿಗೆ ಪಿನ್‌ಕೋಡ್ ಯಾಕ ಬೇಕವಾ? ಮನಿಯವ್ರು ಯಾರೋ ಅವ್ರ ಫೋನ್ ಹಿಡಕೊಂಡು ಕೂತಿರಬೇಕು” ಎಂದು ಗದರಿದೆ. ಅವಳ ಸಮಾಧಾನಕ್ಕೆ ಅದೇ ನಂಬರಿಗೆ ನಾನೇ ಕರೆ ಮಾಡಿ ಸ್ಪೀಕರಿಗೆ ಹಾಕಿದೆ.

ಯಾರೋ ಎತ್ತಿದರು. ಮಾತಿಲ್ಲ. ಉಸಿರು ಮಾತ್ರ. ಬಾಯಿಂದಲೋ ಮೂಗಿನಿಂದಲೋ ಬರುವ ಉಸಿರಿನ ಹಾಗಿರಲಿಲ್ಲ ಅದು. ಒದ್ದೆ ಕೊಳವೆಯೊಳಗಿಂದ ಗಾಳಿ ಎಳೆದ ಹಾಗೆ ಖರ್ ಎಂದು ಒಳಗೆ, ಖರ್ ಎಂದು ಹೊರಗೆ. ಅದರ ಹಿಂದೆ ಎಡೆಬಿಡದ ಒಂದು ಗುಂಯ್ ಶಬ್ದ. ನಾನು ಮರಾಠಿಯಲ್ಲಿ “ಯಾರು ಮಾತಾಡೋದು?” ಎಂದು ಕೇಳಿದ ತಕ್ಷಣ ಆ ಉಸಿರು ಜೋರಾಯಿತು. ಟಕ್ ಟಕ್ ಎಂದು ಏನನ್ನೋ ಬಡಿದ ಸದ್ದು ಕೇಳಿತು. ಶಿಲ್ಪಾ ಕೈ ಚಾಚಿ ಫೋನ್ ಕತ್ತರಿಸಿಬಿಟ್ಟಳು.

“ಲೈನ್ ಸರಿ ಇಲ್ಲ” ಎಂದೆ. ಮೊದಲು ಪಿನ್‌ಕೋಡಿನ ಕೆಲಸ ಮುಗಿಸೋಣ, ಆಮೇಲೆ ಇದನ್ನು ನೋಡೋಣ ಎಂದು ಅವಳನ್ನು ಕಳಿಸಿದೆ.

ಮರುದಿನ ಬೆಳಿಗ್ಗೆ ತಿದ್ದುಪಡಿ ಹಾಕಿದೆವು. ಹಳೆಯ ಬ್ಯಾಕಪ್ಪಿನಿಂದ ಜನರು ತಾವೇ ಬರೆದಿದ್ದ “ಪುಣೆ 30”, “ಪುಣೆ 48” ಇವನ್ನೆಲ್ಲ ತೆಗೆದು ಪೂರ್ತಿ ಪಿನ್‌ಕೋಡಾಗಿ ಮಾಡಿ ಅವರವರ ದಾಖಲೆಯಲ್ಲಿ ಕೂರಿಸಿದೆವು. ಡಬ್ಬಿಯಲ್ಲಿ 30 ಎಂದು ಹಾಕಿದರೂ ಸದಾಶಿವ ಪೇಠ ಸಿಗುವಂತೆ ಮಾಡಿದೆವು. ನಕಾಶೆಯ ಮೇಲಿನ ಸಮುದ್ರ ಖಾಲಿಯಾಯಿತು, ಚುಕ್ಕೆಗಳೆಲ್ಲ ಪುಣೆಗೆ ಬಂದವು. ಆಫೀಸಿನವರು ಚಪ್ಪಾಳೆ ತಟ್ಟಿದರು, ವಡಾಪಾವ್ ತರಿಸಿದರು. ನಾನೂ ಎರಡು ತಿಂದೆ.

ಮಧ್ಯಾಹ್ನವಾಯಿತು. ಸದಾಶಿವ ಪೇಠದ ಅಂಗಡಿಗಳು ಬಾಗಿಲೆಳೆದುಕೊಂಡು ಜನ ಉಂಡು ಅಡ್ಡಾಗುವ ಹೊತ್ತು. ಕುತೂಹಲ ತಡೆಯದೆ ಲಾಗ್ ತೆರೆದು ಕೂತೆ. ಶಿಲ್ಪಾ ನನ್ನ ಕುರ್ಚಿಯ ಹಿಂದೆ ನಿಂತಿದ್ದಳು. ಹೊತ್ತಿಗೆ ಸರಿಯಾಗಿ ಆ ಹೆಸರು ಬಂತು. 30. ಈ ಸಲ ಸ್ಥಳ ಸಿಕ್ಕಿತು, ಪುಟ ತೆರೆಯಿತು. ಆ ಪುಟದಲ್ಲಿ ಗಿರಾಕಿಗೆ ಏನು ಕಂಡಿತು ಎಂಬುದೂ ನಮಗೆ ಕಾಣುತ್ತಿತ್ತು: “ನಿಮ್ಮ ಯಂತ್ರವನ್ನು ವಾಪಸ್ ಒಯ್ಯಲು ನಮ್ಮ ವಾಹನ ಹೊರಟಿದೆ.”

ಆಮೇಲೆ ಅದೇ ಪಿನ್‌ಕೋಡಿನ ಡಬ್ಬಿಯಲ್ಲಿ ಒಂದೊಂದಾಗಿ ಮರಾಠಿ ಅಕ್ಷರಗಳು ಬಂದವು. ಮೀ ಆಹೇ. ನಾನು ಇದ್ದೇನೆ.

ಕೆಳಗೆ ನಮ್ಮ ವೆಬ್‌ಸೈಟ್ ಉತ್ತರ ಕೊಟ್ಟಿತು: “ಕ್ಷಮಿಸಿ, ಅಂಥ ಸ್ಥಳ ಇಲ್ಲ.”

ಮತ್ತೆ ಬಂತು. ಮೀ ಆಹೇ.

ಶಿಲ್ಪಾ “ಅಯ್ಯೋ ದೇವ್ರೇ” ಎಂದು ನನ್ನ ಭುಜ ಹಿಡಿದುಕೊಂಡಳು. ನನ್ನದು ಎಷ್ಟೋ ವರ್ಷದ ಅಭ್ಯಾಸ, ಬೆರಳು ಸುಮ್ಮನಿರಲಿಲ್ಲ. ಆ ದಾಖಲೆಯ ಹಿಂದಿನ ಇತಿಹಾಸ ತೆರೆಯಿತು. ಮಧುಕರ ಕುಲಕರ್ಣಿಯ ಹೆಸರಿನಲ್ಲಿ ಎರಡು ಆಕ್ಸಿಜನ್ ಯಂತ್ರಗಳು. ಒಂದನ್ನು ಕೊಂಢವಾದ ಮನೆಯವರೇ ವಾಪಸ್ ತಂದುಕೊಟ್ಟಿದ್ದಾರೆ. ಇನ್ನೊಂದು ಸದಾಶಿವ ಪೇಠದಲ್ಲಿದೆ.

ಆಗ ಎಲ್ಲ ತಿಳಿಯಿತು. ಪುಣೆಯಲ್ಲಿ ಕಲ್ಲು ಒಗೆದರೆ ಯಾವುದಾದರೂ ಒಬ್ಬ ಕುಲಕರ್ಣಿಗೆ ತಾಗುತ್ತದೆ. ಇವರು ಇಬ್ಬರು. ಒಬ್ಬರು ಪುಣೆ 48ರವರು, ಇನ್ನೊಬ್ಬರು ಪುಣೆ 30ರವರು. ಇಬ್ಬರನ್ನೂ ಸೊನ್ನೆ ಊರಿಗೆ ಅಟ್ಟಿದ ಸ್ಕ್ರಿಪ್ಟ್, ಹೆಸರು ಒಂದೇ, ಊರು ಒಂದೇ, ಯಂತ್ರವೂ ಒಂದೇ ಬಗೆಯದು ಎಂದು ಇಬ್ಬರನ್ನೂ ಒಬ್ಬರನ್ನಾಗಿ ಮಾಡಿತ್ತು. ಕೊಂಢವಾದವರು ತೀರಿಕೊಂಡಾಗ ಸದಾಶಿವ ಪೇಠದವರೂ ತೀರಿಕೊಂಡರು. ಅವರ ಯಂತ್ರ ಒಯ್ಯುವ ಆದೇಶವೂ ಆಗಲೇ ಹುಟ್ಟಿತ್ತು. ಆದರೆ ಸೊನ್ನೆ ಊರಿಗೆ ಹೋಗುವ ವಾಹನ ಯಾವುದಿದೆ? ಹಾಗಾಗಿ ಅದು ಸುಮ್ಮನೆ ಬಿದ್ದಿತ್ತು. ಅವತ್ತು ಬೆಳಿಗ್ಗೆ ನಾವು ಪಿನ್‌ಕೋಡ್ ಸರಿ ಮಾಡಿದ ಗಳಿಗೆಯಲ್ಲಿ ಆ ಆದೇಶಕ್ಕೆ ದಾರಿ ಸಿಕ್ಕಿತು.

ಉಸಿರಾಡಲು ಯಂತ್ರ ಬೇಕಾದ, ಬದುಕಿರುವ ಮನುಷ್ಯನ ಮನೆಗೆ ಅದನ್ನು ಕಿತ್ತು ತರಲು ನಮ್ಮ ಗಾಡಿ ಹೋಗಿತ್ತು.

ಆದೇಶ ರದ್ದು ಮಾಡಿದೆ, ಡ್ರೈವರ್ ಶರಣಪ್ಪನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಎತ್ತುವುದಿಲ್ಲ ಎಂದು ನನಗೆ ಗೊತ್ತೇ ಇತ್ತು. ಕೋವಿಡ್ ಕಾಲದಲ್ಲಿ ನಮ್ಮ ಮಾಲೀಕರು ಒಂದು ಪದ್ಧತಿ ಹಾಕಿಕೊಟ್ಟಿದ್ದರು: ಸಾವಾದ ಮನೆಗೆ ಯಂತ್ರ ತರಲು ಹೋದಾಗ ಫೋನ್ ಸೈಲೆಂಟ್ ಇಡಬೇಕು. ಗಂಟೆ ಬಾರಿಸಬಾರದು, ಏನೂ ಕೇಳಬಾರದು, ಸಹಿ ತೆಗೆದುಕೊಳ್ಳಬಾರದು. ಆರಿಸಿ, ಎತ್ತಿಕೊಂಡು, ತಲೆ ತಗ್ಗಿಸಿ ಬಂದುಬಿಡಬೇಕು. ಹೊರಡುವಾಗ “ಬರ್ತೀನಿ” ಎಂದು ಹೇಳಲೇಬಾರದು, ಸಾವಿನ ಮನೆಗೆ ಮತ್ತೆ ಬರುತ್ತೇನೆ ಎನ್ನುವುದು ಅಪಶಕುನ. ಒಳ್ಳೆಯ ಮನಸ್ಸಿನ ಪದ್ಧತಿ ಅದು. ನಾನೂ ಮೆಚ್ಚಿಕೊಂಡಿದ್ದೆ.

ಶಿಲ್ಪಾಳ ಸ್ಕೂಟರಿನ ಹಿಂದೆ ಕೂತು ನದಿ ದಾಟಿದೆ. ಹೇಗೆ ಓಡಿಸಿದಳೋ ದೇವರೇ ಬಲ್ಲ. ಪೇಠದೊಳಗೆ ಹೊಕ್ಕರೆ ಬಿಸಿಲು ಬಿಟ್ಟು ಒಂದು ನರಪಿಳ್ಳೆ ಇಲ್ಲ. ಅಂಗಡಿಗಳ ಷಟರುಗಳು ಮುಚ್ಚಿದ್ದವು, ಕೋಚಿಂಗ್ ಕ್ಲಾಸಿನ ಮೆಟ್ಟಿಲ ಮೇಲೂ ಯಾರೂ ಇರಲಿಲ್ಲ. ಕುಲಕರ್ಣಿಯವರ ವಾಡೆಯ, ಅಂದರೆ ಹಳೆಯ ತೊಟ್ಟಿಮನೆಯ, ಮುಂದೆ ನಮ್ಮ ಗಾಡಿ ನಿಂತಿತ್ತು, ಅದರ ಹಿಂಬಾಗಿಲು ತೆರೆದಿತ್ತು.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಬರೀ ಮುಂದೆ ಮಾಡಿದ್ದರಷ್ಟೇ. ತಳ್ಳಿದೆ. ಹೊರಗಿನ ಕೋಣೆಯಲ್ಲಿ ಶರಣಪ್ಪ ಮೊಣಕಾಲೂರಿ ಕೂತು ಯಂತ್ರದ ವೈರು ಸುತ್ತುತ್ತಿದ್ದ. ನಮ್ಮನ್ನು ಕಂಡು ತುಟಿಯ ಮೇಲೆ ಬೆರಳಿಟ್ಟ. ಆಕ್ಸಿಜನ್ ಯಂತ್ರ ಗದ್ದಲ ಮಾಡುತ್ತದೆಂದು ಬಹಳ ಮನೆಗಳಲ್ಲಿ ಅದನ್ನು ಹೊರಗಿನ ಕೋಣೆಯಲ್ಲಿಟ್ಟು, ಉದ್ದದ ನಳಿಕೆಯಲ್ಲಿ ಒಳಗಿನ ರೋಗಿಗೆ ಗಾಳಿ ಕೊಡುತ್ತಾರೆ. ಆ ನಳಿಕೆ ನೆಲದ ಮೇಲೆ ಹರಿದು ಒಳಕೋಣೆಯ ಪರದೆಯ ಕೆಳಗೆ ಹೋಗಿತ್ತು. ಮನೆ ನಿಶ್ಶಬ್ದವಾಗಿತ್ತು. ಹಿಂದಿನ ದಿನ ಫೋನಿನಲ್ಲಿ ಕೇಳಿದ ಆ ಗುಂಯ್ ಶಬ್ದ ಇರಲಿಲ್ಲ.

ಪರದೆಯ ಆಚೆಯಿಂದ ಟಕ್ ಟಕ್ ಎಂದು ಸದ್ದು ಬಂತು. ಒಂದು ಸಲ, ಆಮೇಲೆ ಇನ್ನೊಂದು ಸಲ, ಮೊದಲಿಗಿಂತ ಮೆಲ್ಲಗೆ.

“ಹಚ್ಚೋ ಮಷೀನು! ಹಚ್ಚೋ ಶರಣಪ್ಪಾ!” ನಾನು ಕಿರುಚಿದ ಹೊಡೆತಕ್ಕೆ ಅವನ ಕೈಯಿಂದ ವೈರು ಬಿತ್ತು.

ಒಳಗೆ ಮಂಚದ ಮೇಲೆ ಮಧುಕರರಾವ್ ಒರಗಿ ಕೂತಿದ್ದರು. ಗಂಟಲಿನ ಆಪರೇಷನ್ನಿನಲ್ಲಿ ಧ್ವನಿ ಹೋಗಿತ್ತು, ಕುತ್ತಿಗೆಯ ತೂತಿಗೆ ಹಾಕಿದ ಕೊಳವೆಯಿಂದಲೇ ಉಸಿರಾಟ. ತುಟಿ ನೀಲಿಗಟ್ಟಿತ್ತು. ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯ ಉಂಗುರ ಮಂಚದ ಕಬ್ಬಿಣಕ್ಕೆ ಬಡಿಯುತ್ತಿತ್ತು. ಹೊರಗೆ ಯಂತ್ರ ಗುಂಯ್ ಎಂದು ಎದ್ದಿತು. ನಾನು ಅವರ ಕೈ ಹಿಡಿದುಕೊಂಡು ನಿಂತೆ. ಆ ತುಟಿಗೆ ಬಣ್ಣ ಬರುವವರೆಗೆ ನನ್ನ ಉಸಿರೂ ಎಲ್ಲಿತ್ತೋ ಗೊತ್ತಿಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಸೆರಗಿನಲ್ಲಿ ಸಂಡಿಗೆ ತುಂಬಿಕೊಂಡು ತಾರಸಿಯಿಂದ ಇಳಿದು ಬಂದರು. ಶಕುಂತಲಾಬಾಯಿ, ತವರು ಬೆಳಗಾವಿ. ನಾನು ಶರಣಪ್ಪನನ್ನು ಬೈಯುತ್ತಿದ್ದ ಕನ್ನಡ ಅವರ ಕಿವಿಗೆ ಬಿದ್ದಿತ್ತು. ಏನಾಯಿತೆಂದು ತಿಳಿದ ಮೇಲೆ ಅದೇ ಕನ್ನಡದಲ್ಲಿ ನನ್ನ ಮೇಲೆ ಹರಿಹಾಯ್ದರು.

“ಮಷೀನಿಗೆ ಕೆಂಪು ದೀಪ ಹತ್ತೇದ, ರಿಪೇರಿಯವ್ರನ್ನ ಕಳಸ್ರಿ ಅಂತ ಎಷ್ಟು ಸಲ ಫೋನ್ ಮಾಡೇನ್ರಿ! ನಿಮ್ಮವ್ರು ಏನಂತಾರ? ಅವ್ರು ಹೋಗ್ಯಾರ, ಕಂಪ್ಯೂಟರ್‌ನಾಗ ಹಂಗ ಅದ ಅಂತಾರ. ಇಲ್ಲೇ ನನ್ನ ಕಣ್ಣ ಮುಂದ ಕೂತಾರ, ಅದಾರ, ಅದಾರ ಅಂದರ, ನನಗ ಸಮಾಧಾನ ಹೇಳ್ತಾರ್ರೀ! ನಿಮ್ಮ ಕಂಪ್ಯೂಟರ್‌ಗ ಬೆಂಕಿ ಹತ್ತಲಿ!”

ಶಿಲ್ಪಾ ಅಳತೊಡಗಿದಳು. ಸಮಾಧಾನ ಹೇಳಿದವರು ಅವಳ ಕೈಕೆಳಗಿನವರೇ. ನಾನು ಕೈ ಮುಗಿದೆ.

ಆ ಸಂಜೆಯೇ ಅವರಿಗೆ ಹೊಸ ಯಂತ್ರ ಬಂತು. ಸೊನ್ನೆ ಊರಿನಲ್ಲಿ ಒಂದಾಗಿದ್ದವರನ್ನೆಲ್ಲ ನಾವು ಒಬ್ಬೊಬ್ಬರಾಗಿ ಬಿಡಿಸಿದೆವು. ನಿವೃತ್ತಿಯವರೆಗೂ ನನ್ನದೊಂದು ನಿಯಮ ಉಳಿಯಿತು: ‘ಮೃತ’ ಎಂದಿರುವ ಯಾವ ದಾಖಲೆಯನ್ನೂ ಕೂತಲ್ಲಿಂದ ಮುಟ್ಟುವುದಿಲ್ಲ, ಒಬ್ಬ ಮನುಷ್ಯ ಆ ಬಾಗಿಲಿಗೆ ಹೋಗಿ ಕಣ್ಣಾರೆ ನೋಡಿ ಬರಬೇಕು. ಹೊಸ ಹುಡುಗರು ನಗುತ್ತಿದ್ದರು. ಕಪಾಟಿನಲ್ಲಿ ಚೀಟಿ ಸರಿಸುವಾಗ ಆ ಚೀಟಿಗೆ ಯಾರ ಉಸಿರು ಕಟ್ಟಿದೆ ಎಂದು ಅವರಿಗೆ ಹೇಳಿ ತಿಳಿಸುವುದು ಕಷ್ಟ. ಆ ಮನೆಯ ಹೊಸ್ತಿಲ ಮೇಲೆ ನಿಂತಿದ್ದರೆ ತಿಳಿಯುತ್ತಿತ್ತು.

ಅವತ್ತು ನಾವು ಹೊರಟಾಗ ಶರಣಪ್ಪ ಎಲ್ಲರಿಗಿಂತ ಮೊದಲು ಎದ್ದ. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು ಕೊಂಢವಾದಲ್ಲಿ ನೆಲೆಸಿದ ಮನೆತನದ ಹುಡುಗ ಅವನು, ಪಾಪ. ಅಭ್ಯಾಸಬಲದಿಂದ ತಲೆ ತಗ್ಗಿಸಿ, ಮಾತಾಡದೆ, ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲು ದಾಟಿಬಿಟ್ಟ.

ಒಳಗಿನಿಂದ ಟಕ್ ಟಕ್ ಎಂದು ಸದ್ದಾಯಿತು. ಜೋರಾಗಿ.

ನಾವೆಲ್ಲ ನಿಂತೆವು. ಮಧುಕರರಾವ್ ಫೋನಿನಲ್ಲಿ ಏನೋ ಒತ್ತಿ ಹೆಂಡತಿಯ ಮುಂದೆ ಹಿಡಿದರು. ಶಕುಂತಲಾಬಾಯಿ ಓದಿದರು, ಸಿಟ್ಟಿನ ಮುಖದಲ್ಲೇ ಅವರಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

“ಏ ತಮ್ಮಾ, ತಿರುಗಿ ಬಾ” ಎಂದು ಶರಣಪ್ಪನನ್ನು ಕರೆದರು. “ಬರ್ತೀನಿ ಅಂತ ಹೇಳಿ ಹೋಗು ಅನ್ಲಿಕ್ಕತ್ತಾರ.”

ಅವನು ಹೊಸ್ತಿಲೊಳಗೆ ವಾಪಸ್ ಬಂದು, ಮಂಚದ ಕಡೆ ನೋಡಿ, ಕೈ ಜೋಡಿಸಿದ.

“ಬರ್ತೀನ್ರಿ ಅಜ್ಜಾರ.”

ಅವರು ತಲೆ ಆಡಿಸಿದ ಮೇಲೆ ನಾವು ಮೆಟ್ಟಿಲಿಳಿದೆವು.